ಏರದ, ಇಳಿಯದ ಟ್ರೋಪೋನಿನ್

ಆ ಬೆಳಿಗ್ಗೆ ನಾನು ಮೊದಲು ಬೈದದ್ದು ನಮ್ಮ ಟೆಕ್ನಿಷಿಯನ್ ಹುಡುಗಿಯನ್ನು. "ಇಪ್ಪತ್ತನಾಲ್ಕು ವರ್ಷದ ಬಸುರಿಗೆ ಇಷ್ಟೊಂದು ಟ್ರೋಪೋನಿನ್ನಾ? ಯಾರ ಟ್ಯೂಬು ಯಾರ ಹೆಸರಲ್ಲಿ ಹಾಕಿದ್ದೀಯ, ನೋಡು ಮೊದ್ಲು!" ಎಂದು ಎಗರಾಡಿದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು. ಅವಳು ಮುಖ ಸಿಂಡರಿಸದೆ ಟ್ಯೂಬನ್ನು ನನ್ನ ಕಣ್ಣ ಮುಂದೆ ಹಿಡಿದಳು. ಹೆಸರು ಸರಿಯಿತ್ತು, ನಂಬರು ಸರಿಯಿತ್ತು.

ನಾನು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ನೋಡಿಕೊಳ್ಳುವ ಡಾಕ್ಟರು. ರೋಗಿಗಳ ಮುಖ ನೋಡುವುದು ಕಡಿಮೆ, ರಕ್ತ ನೋಡುವುದೇ ಹೆಚ್ಚು. ಟ್ರೋಪೋನಿನ್ ಎನ್ನುವುದು ಹೃದಯದ ಸ್ನಾಯುವಿನೊಳಗೆ ಇರುವ ಒಂದು ಪ್ರೋಟೀನು. ಆ ಸ್ನಾಯುವಿಗೆ ಪೆಟ್ಟಾದರೆ ಅದು ರಕ್ತಕ್ಕೆ ಸೋರುತ್ತದೆ. ನಮ್ಮ ಯಂತ್ರದ ಲೆಕ್ಕದಲ್ಲಿ ಆರೋಗ್ಯವಾಗಿರುವ ಹೆಂಗಸಿಗೆ ಅದು ಇಪ್ಪತ್ತು ದಾಟಬಾರದು. ಈ ಬಸುರಿ ಹುಡುಗಿಗೆ ಒಂಬೈನೂರ ಎಂಬತ್ತು ಬಂದಿತ್ತು.

ಆಗ ಊರೆಲ್ಲ ಚಿಕ್ಕ ವಯಸ್ಸಿನವರ ಹೃದಯದ್ದೇ ಮಾತು. ಜಿಮ್ಮಿನಲ್ಲಿ ಕುಸಿದವನು, ಮದುವೆ ಮನೆಯಲ್ಲಿ ಕುಣಿಯುತ್ತಲೇ ಬಿದ್ದವನು, ಇಂಥ ವಿಡಿಯೋಗಳು ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದ್ದವು. ಬಾಡೂಟ ಜಾಸ್ತಿಯಾಗಿ ಹುಳಿತೇಗು ಬಂದವನೂ ಎದೆ ಹಿಡಿದುಕೊಂಡು ಇಸಿಜಿ ಕೋಣೆಯ ಮುಂದೆ ಸಾಲು ನಿಲ್ಲುತ್ತಿದ್ದ. ಡಾಕ್ಟರುಗಳಿಗೂ ಅಂಜಿಕೆ. ಯಾರನ್ನಾದರೂ "ಏನಿಲ್ಲ, ಹೋಗಪ್ಪ" ಎಂದು ಕಳಿಸಿ, ಅವನು ಬಾಗಿಲಾಚೆ ಬಿದ್ದರೆ?

ಹುಡುಗಿ ಬೆಳಕವಾಡಿ ಕಡೆಯ ಹಳ್ಳಿಯವಳು. ಚೊಚ್ಚಲು ಬಸುರಿ, ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಹಿಂದಿನ ಸಂಜೆ ಎದೆನೋವೆಂದು ಮಳವಳ್ಳಿಗೆ ಕರೆತಂದಿದ್ದರು. ಅಲ್ಲಿ ತೆಗೆದ ಇಸಿಜಿಯಲ್ಲಿ ಎದೆಯಿಂದ ಬರೆದುಕೊಂಡ ಮೊದಲ ಮೂರು ಗೆರೆಗಳಲ್ಲಿ ಒಂದು ಅಲೆ ತಲೆಕೆಳಗಾಗಿತ್ತು. ಹೃದಯಕ್ಕೆ ರಕ್ತ ಸಾಲದೆ ಇರಬಹುದು ಎಂದು ಯಂತ್ರವೇ ಕೆಳಗೆ ಇಂಗ್ಲಿಷಿನಲ್ಲಿ ಛಾಪಿಸಿತ್ತು. ಅದನ್ನು ನೋಡಿ ಅಲ್ಲಿಯವರು ರಾತ್ರಿಯೇ ನಮ್ಮ ಆಸ್ಪತ್ರೆಗೆ ಕಳಿಸಿದ್ದರು. ಎಷ್ಟೋ ಎಳೆಯ ಹೆಂಗಸರಲ್ಲಿ ಆ ಅಲೆ ಚಿಕ್ಕಂದಿನಿಂದಲೂ ತಲೆಕೆಳಗೇ ಇರುತ್ತದೆ, ಕಾಯಿಲೆಯೇನಲ್ಲ. ಆ ಒಂದು ಇಸಿಜಿ ಮಾತ್ರ ಇದ್ದಿದ್ದರೆ ಯಾರೂ ಇಷ್ಟು ಗಾಬರಿ ಬೀಳುತ್ತಿರಲಿಲ್ಲ. ಅದರ ಪಕ್ಕಕ್ಕೆ ನನ್ನ ಲ್ಯಾಬಿನ ಒಂಬೈನೂರ ಎಂಬತ್ತು ಹೋಗಿ ನಿಂತಿತು. ಎರಡು ಸಾಕ್ಷಿ ಒಂದೇ ಮಾತು ಹೇಳಿದರೆ ಯಾವ ನ್ಯಾಯಾಧೀಶ ತಾನೇ ನಂಬುವುದಿಲ್ಲ?

ನಮ್ಮ ಫಿಸಿಷಿಯನ್ ನನಗಿಂತ ಹಿರಿಯರು, ಮಾತು ಕಮ್ಮಿ. ಫೋನು ಮಾಡಿ ಸಂಖ್ಯೆ ಹೇಳಿದೆ.

"ಎಕೋ ಮಾಡಿದೆ ಮೇಡಂ. ಹೃದಯ ಚೆನ್ನಾಗೇ ಬಡೀತಿದೆ. ಆದ್ರೆ ಬಸುರೀಲಿ ಅಪರೂಪಕ್ಕೆ ರಕ್ತನಾಳದ ಒಳಪದರ ಸೀಳುತ್ತಲ್ಲ, ಅದು ಎಕೋದಲ್ಲಿ ಕಾಣಲ್ಲ. ಇನ್ನೊಂದು ಸ್ಯಾಂಪಲ್ ಕಳಿಸ್ತೀನಿ. ಅದೂ ಹಿಂಗೇ ಬಂದ್ರೆ ಮೈಸೂರಿಗೆ ಕಳಿಸೋದೇ."

ಮೈಸೂರಿಗೆ ಕಳಿಸುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಆಂಜಿಯೋಗ್ರಾಂ ಮಾಡುತ್ತಾರೆ. ಹೃದಯ ಕೈಕೊಡುವ ಮೊದಲೇ ಮಗುವನ್ನು ಕೊಯ್ದು ಹೊರಗೆ ತೆಗೆಯೋಣ ಎಂದು ಹೆರಿಗೆ ಡಾಕ್ಟರು ಆಗಲೇ ಹೇಳಿದ್ದರಂತೆ, ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಇಂಜೆಕ್ಷನ್ನನ್ನೂ ಶುರು ಮಾಡಿದ್ದರು. ಸಂಖ್ಯೆ ನಿಜವಾಗಿದ್ದು ತಡ ಮಾಡಿದರೆ ತಾಯಿ ಹೋಗುತ್ತಾಳೆ. ಸಂಖ್ಯೆ ಸುಳ್ಳಾಗಿದ್ದು ಅವಸರ ಮಾಡಿದರೆ, ಇನ್ನೂ ಬಲಿಯದ ಕೂಸನ್ನು ಸುಮ್ಮಸುಮ್ಮನೆ ಹೊರಗೆಳೆದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದಂತಾಗುತ್ತದೆ. ಆ ಸಂಖ್ಯೆಯ ಕೆಳಗೆ ಇದ್ದದ್ದು ನನ್ನ ಸಹಿ.

ಯಂತ್ರವನ್ನು ಪರೀಕ್ಷಿಸಿದೆ. ದಿನವೂ ಓಡಿಸುವ ಕಂಟ್ರೋಲ್ ಸ್ಯಾಂಪಲ್ಲುಗಳು ಸರಿಯಾಗಿ ಬಂದಿದ್ದವು. ರಕ್ತದಲ್ಲಿ ಹೆಪ್ಪುಗಟ್ಟಿದ ಸಣ್ಣ ಎಳೆ ಉಳಿದಿದ್ದರೂ ಯಂತ್ರ ಮೋಸಹೋಗುತ್ತದೆ. ಅದಕ್ಕೆಂದು ಟ್ಯೂಬನ್ನು ಇನ್ನೊಮ್ಮೆ ಜೋರಾಗಿ ತಿರುಗಿಸಿ, ಮೇಲಿನ ತಿಳಿಯನ್ನಷ್ಟೇ ತೆಗೆದು ಹಾಕಿಸಿದೆ. ಅದೇ ಸಂಖ್ಯೆ. ಅಷ್ಟರಲ್ಲಿ ಎರಡನೇ ಸ್ಯಾಂಪಲ್ ಬಂತು. ಒಂಬೈನೂರ ತೊಂಬತ್ತು.

ಫಿಸಿಷಿಯನ್ "ಏರ್ತಾ ಇದೆ" ಎಂದು ಆಂಬುಲೆನ್ಸಿಗೆ ಹೇಳಿಯೇಬಿಟ್ಟರು. ನನಗೆ ಹಾಗನ್ನಿಸಲಿಲ್ಲ. ಹತ್ತರ ವ್ಯತ್ಯಾಸ ಯಂತ್ರದ ಕೈ ನಡುಕ ಅಷ್ಟೇ. ನಿಜವಾಗಿ ಪೆಟ್ಟು ಬಿದ್ದ ಹೃದಯದ ಟ್ರೋಪೋನಿನ್ ಸರಸರ ಏರುತ್ತದೆ, ಆಮೇಲೆ ಇಳಿಯುತ್ತದೆ. ಹಿಂದಿನ ಸಂಜೆಯಿಂದ ನೋವಿರುವವಳಲ್ಲಿ ಇದು ಗೂಟ ಹೊಡೆದಂತೆ ನಿಂತಿತ್ತು. ಕಂಪ್ಯೂಟರ್ ಪರದೆ ನೋಡುತ್ತ ಕೂತರೆ ಆಗುವ ಕೆಲಸವಲ್ಲ ಎಂದು ಎದ್ದು, ನಾನೇ ಮೂರನೇ ಸ್ಯಾಂಪಲ್ ಎಳೆಯಲು ವಾರ್ಡಿಗೆ ಹೋದೆ.

ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ಗಟ್ಟಿಮುಟ್ಟಾದ ಮೈ, ಹೆದರಿದ ಕಣ್ಣು. ಮಂಚದ ಪಕ್ಕದಲ್ಲಿ ಅವಳ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾವಲಿಗೆ ನಿಂತವಳ ಹಾಗೆ ನಿಂತಿದ್ದಳು. ನನ್ನನ್ನು ಕಂಡದ್ದೇ ಶುರುಮಾಡಿದಳು.

"ಡಾಕ್ಟ್ರವ್ವ, ಎಂಟ್ರಲ್ಲಿ ಮಗ ತಗೀಬ್ಯಾಡ್ರವ್ವ. ಏಳ್ರಲ್ಲಿ ಉಟ್ಟಿದ್ದಾದ್ರೂ ಉಳೀತದೆ, ಎಂಟ್ರಲ್ಲಿ ಉಟ್ಟಿದ್ದು ಉಳಿಯಾಕಿಲ್ಲ. ಒಂಬತ್ತಕ್ಕೆ ಬೀಳಗಂಟ ತಡ್ಕಳಿ."

"ಅದೆಲ್ಲ ಸುಳ್ಳು ಕಣಮ್ಮ. ಎಂಟರಲ್ಲಿ ಹುಟ್ಟಿದ್ದೂ ಉಳಿಯುತ್ತೆ. ಈಗ ನಾನು ಕೇಳಿದ್ದಕ್ಕೆ ಉತ್ತರ ಹೇಳು" ಎಂದೆ. ಒಳಗೊಳಗೇ, ಮುದುಕಿಯ ಲೆಕ್ಕ ತಪ್ಪಾದರೂ ಭಯ ತಪ್ಪಲ್ಲ ಅನ್ನಿಸಿತು.

ರಕ್ತ ಎಳೆಯುತ್ತ ಒಂದೊಂದೇ ಕೇಳಿದೆ. ಮೂತ್ರಪಿಂಡದ ತೊಂದರೆ ಇದೆಯಾ? ಯಾವಾಗಲಾದರೂ ರಕ್ತ ಹಾಕಿಸಿದ್ದಿರಾ? ಎದೆಗೆ ಏಟು ಬಿದ್ದಿತ್ತಾ? ಎಲ್ಲಕ್ಕೂ ಇಲ್ಲ. ಕೊನೆಯಲ್ಲಿ, "ಮನೇಲಿ ಕುರಿ, ಮೇಕೆ ಸಾಕಿದ್ದೀರಾ? ಇವಳು ಅದರ ಕೆಲಸ ಮಾಡ್ತಾಳಾ?" ಎಂದೆ.

ಹುಡುಗಿ ಬಾಯಿ ತೆರೆಯುವ ಮೊದಲೇ ಅತ್ತೆ ನಡುವೆ ನುಗ್ಗಿದಳು. "ಅಯ್ಯ, ಶಿವನೆ! ಬಸ್ರಿ ಎಣ್ಣಿನ ಕೈಲಿ ಕುರಿ ಕೆಲ್ಸ ಮಾಡ್ಸಾರಾ? ನಾವೇನ್ ಮನುಸ್ರಲ್ವಾ? ಒಂದು ಕಡ್ಡಿ ಈಚಿಂದಾಚಿಗೆ ಎತ್ತಿಡಾಕೆ ಬುಟ್ಟಿಲ್ಲ ಕಣವ್ವ. ಕೇಳಿ ಬೇಕಾರೆ."

ಹುಡುಗಿ ತಲೆ ತಗ್ಗಿಸಿದಳು. ನನ್ನ ಕೊನೆಯ ಆಸೆಯೂ ನೀರಿನಲ್ಲಿ ಹೋಮವಾಯಿತೆಂದು ಟ್ಯೂಬು ಹಿಡಿದು ಹೊರಟೆ. ಬಾಗಿಲ ಹತ್ತಿರ ಬಂದಿದ್ದೆ. ಹಿಂದೆ ಹುಡುಗಿಯ ಫೋನು ಬಡಿದುಕೊಂಡಿತು. ಅತ್ತ ಕಡೆ ಗಂಡ ಇರಬೇಕು. ಮೆಲ್ಲಗೆ ಮಾತಾಡಿದರೂ ನನ್ನ ಕಿವಿಗೆ ಬಿತ್ತು.

"ಆ ತಬ್ಲಿ ಮರಿಗೆ ಬಾಟ್ಲಿ ಕೊಟ್ರಾ? ನೀವು ಇಡುದ್ರೆ ಕುಡಿಯಾಕಿಲ್ಲ ಅದು. ನನ್ ಹಳೆ ಸೀರೆ ತುಂಡು ಅದ್ರ ಮೂತಿ ಅತ್ರ ಇಟ್ಟು ಕುಡ್ಸಿ. ಬಂಡೂರು ಟಗ್ರುಗೆ ಉಳ್ಳಿ ಜಾಸ್ತಿ ಆಕ್ಬೇಡಿ..."

ಹಿಂತಿರುಗಿ ನೋಡಿದೆ. ಅತ್ತೆಯ ಮುಖ ಹುಣಸೆಹಣ್ಣು ತಿಂದಂತಾಗಿತ್ತು. ನನಗೆ ಸಿಟ್ಟೂ ಬಂತು, ಕುಣಿಯಬೇಕೆಂದೂ ಅನ್ನಿಸಿತು.

"ಏನಮ್ಮ, ಕಡ್ಡಿ ಎತ್ತಿಡೋಕೂ ಬಿಟ್ಟಿಲ್ಲ ಅಂದೆ?"

"ಊರೋರು ಏನಂದ್ಕಂಡಾರು ಡಾಕ್ಟ್ರವ್ವ, ಬಸ್ರೀನ ದುಡುಸ್ಕಂಡ್ರು ಅನ್ನಲ್ವಾ? ನೀವೂ ಬಯ್ತೀರಿ ಅಂತವ..." ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹುಡುಗಿಯೇ ಹೇಳಿದಳು. "ಅತ್ತೆ ಬ್ಯಾಡ ಅಂದ್ರೂ ನಾನೇ ಓಯ್ತೀನಿ ಮೇಡಂ. ತವರಲ್ಲೂ ಕುರಿ ಇದ್ವು. ಮರಿ ಅಡ್ಡ ಸಿಕ್ಕಂಡ್ರೆ ಕೈ ಆಕಿ ಎಳೆಯೋಳು ನಾನೇ. ಮರಿ ಉಸ್ರಾಡ್ದಿದ್ರೆ ಮೂಗ್ಗೆ ಬಾಯಿ ಇಟ್ಟು ಊದ್ತೀನಿ. ಎಲ್ಲಾ ನಂಗೇ ಕೂಗ್ತಾರೆ. ಮೊನ್ನೆ ಒಂದು ಗಬ್ಬದ ಕುರಿ ಗುಂಡಿಗೆ ಬಿದ್ದಿತ್ತು, ಎತ್ತಾಕಿದೆ. ಅವತ್ತಿಂದ್ಲೇ ಈ ಪಕ್ಕೆ ನೋವು, ನಿನ್ನೆ ಸಂಜೆ ಜಾಸ್ತಿ ಆಯ್ತು."

ಅಲ್ಲೇ ಅವಳ ಪಕ್ಕೆಲುಬಿನ ಮೇಲೆ ಬೆರಳಿಟ್ಟು ಒತ್ತಿದೆ. "ಅಮ್ಮಾ!" ಎಂದಳು. ಒತ್ತಿದರೆ ಹೀಗೆ ಚುಚ್ಚುವ ನೋವು ಹೆಚ್ಚಾಗಿ ಹೃದಯದ್ದಲ್ಲ. ಹೆಚ್ಚಾಗಿ ಅಲ್ಲ, ಅಷ್ಟೇ. ಖಂಡಿತ ಅಲ್ಲ ಎಂದು ಹೇಳುವಂತಿರಲಿಲ್ಲ.

ಕುರಿಯ ಪ್ರಶ್ನೆ ನಾನು ಕೇಳಿದ್ದೇಕೆಂದು ಹೇಳಬೇಕು. ನಮ್ಮ ಯಂತ್ರ ಟ್ರೋಪೋನಿನ್ನನ್ನು ಹಿಡಿಯಲು ಎರಡು ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು, ಬಳಸುತ್ತದೆ. ಒಂದು ಅದನ್ನು ಹಿಡಿದು ನಿಲ್ಲಿಸುತ್ತದೆ, ಇನ್ನೊಂದು ಬಂದು ಅಂಟಿಕೊಂಡು ಬೆಳಕು ಕೊಡುತ್ತದೆ. ಈ ಪ್ರತಿಕಾಯಗಳನ್ನು ಇಲಿ, ಮೇಕೆ, ಕುರಿಯಂಥ ಪ್ರಾಣಿಗಳ ಮೈಯಲ್ಲಿ ತಯಾರಿಸುತ್ತಾರೆ. ವರ್ಷಗಟ್ಟಲೆ ಪ್ರಾಣಿಗಳ ಒಡನಾಟವಿರುವ ಕೆಲವರ ರಕ್ತದಲ್ಲಿ ಅವುಗಳ ವಿರುದ್ಧವೇ ಪ್ರತಿಕಾಯ ಹುಟ್ಟಿಕೊಂಡಿರುತ್ತದೆ. ಅದು ಯಂತ್ರದೊಳಗೆ ಹೋಗಿ ಎರಡೂ ಕಡೆ ಕೈ ಹಿಡಿದುಬಿಡುತ್ತದೆ. ಕುರಿ ಸಂತೆಯಲ್ಲಿ ದಲ್ಲಾಳಿ ಟವೆಲಿನಡಿ ಎರಡೂ ಕಡೆಯವರ ಕೈ ಹಿಡಿದು, ಕುರಿಯೇ ಇಲ್ಲದೆ ವ್ಯಾಪಾರ ಕುದುರಿಸಿದ ಹಾಗೆ. ಬೆಳಕು ಬರುತ್ತದೆ, ಟ್ರೋಪೋನಿನ್ ಇರುವುದಿಲ್ಲ.

ಇದನ್ನೆಲ್ಲ ಫಿಸಿಷಿಯನ್ನರ ಕೋಣೆಯಲ್ಲಿ ನಿಂತುಕೊಂಡೇ ಹೇಳಿದೆ. ಅವರು ಪೂರ್ತಿ ಕೇಳಿದರು.

"ನಿಮ್ಮ ಸರ್ವೀಸಲ್ಲಿ ಇಂಥದ್ದು ಎಷ್ಟು ನೋಡಿದ್ದೀರಿ?"

"ಒಂದೂ ಇಲ್ಲ ಸಾರ್. ಓದಿದ್ದೀನಿ."

"ನಾನು ಬಸುರಿ ಹೆಂಗಸು ಎದೆನೋವಲ್ಲಿ ಸತ್ತಿದ್ದು ನೋಡಿದ್ದೀನಿ ಮೇಡಂ. ಆಂಬುಲೆನ್ಸ್ ನಿಲ್ಲಿಸಲ್ಲ. ಅವಳು ಮೈಸೂರು ಮುಟ್ಟಿ, ಅಲ್ಲಿಯವರು ಥಿಯೇಟರಿಗೆ ತಗೊಳ್ಳೋ ಹೊತ್ತಿಗೆ ನಿಮ್ಮ ಕೈಲಿ ಏನಾದ್ರೂ ಗಟ್ಟಿಯಾಗಿ ಇದ್ರೆ ಹೇಳಿ. ಅವರಿಗೆ ನಾನು ಮಾತಾಡ್ತೀನಿ."

ಸಿಟ್ಟು ನೆತ್ತಿಗೇರಿತು. ಆದರೆ ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಈಗ ಬೇಕಾದದ್ದು ಬೇರೆ ಕಂಪನಿಯ ಯಂತ್ರ. ಅದರ ಪ್ರತಿಕಾಯಗಳು ಬೇರೆ, ಹಾಗಾಗಿ ಅದನ್ನೂ ಈ ರಕ್ತ ಮೋಸಗೊಳಿಸುವ ಸಂಭವ ಕಡಿಮೆ. ಎರಡು ವರದಿ ಕಂಡ ಮೇಲೆ ಮೈಸೂರಿನವರು ಮತ್ತೆ ಪರೀಕ್ಷೆಗೆಂದು ಕಾಯುತ್ತಾರೆಂಬ ಭರವಸೆ ನನಗಿರಲಿಲ್ಲ. ನನಗೆ ಗೊತ್ತಿದ್ದ ಹಾಗೆ ಹತ್ತಿರದಲ್ಲಿ ಅಂಥ ಯಂತ್ರ ಇದ್ದದ್ದು ಮದ್ದೂರಿನಲ್ಲಿ, ನನ್ನ ಜೊತೆ ಓದಿದ ಗೆಳತಿಯ ಲ್ಯಾಬಿನಲ್ಲಿ. ಮೂರನೇ ಸ್ಯಾಂಪಲ್ಲಿನ ತಿಳಿಯನ್ನು ಎರಡು ಟ್ಯೂಬಿಗೆ ಹಂಚಿದೆ. ಒಂದನ್ನು ಟೆಕ್ನಿಷಿಯನ್ ಕೈಗೆ ಕೊಟ್ಟು, "ಇದನ್ನ ಹಾಗೇ ಒಂದು ಸಲ ಓಡಿಸು, ಆಮೇಲೆ ಅರ್ಧಕ್ಕೆ ಒಂದು ಸಲ, ಕಾಲು ಭಾಗಕ್ಕೆ ಒಂದು ಸಲ ತೆಳು ಮಾಡಿ ಓಡಿಸು. ಯಂತ್ರದ ಜೊತೆ ಬರುತ್ತಲ್ಲ, ಆ ದ್ರವದಲ್ಲೇ ತೆಳು ಮಾಡು, ನೀರಲ್ಲಲ್ಲ" ಎಂದೆ. ಇನ್ನೊಂದನ್ನು ಐಸು ತುಂಬಿದ ಡಬ್ಬಿಯಲ್ಲಿಟ್ಟು ಕಾರಿನ ಪಕ್ಕದ ಸೀಟಿಗೆ ಬೆಲ್ಟು ಬಿಗಿದೆ. ನಾನು ಗೇಟು ದಾಟುವಾಗ ಆಂಬುಲೆನ್ಸಿನ ಹಿಂಬಾಗಿಲು ಮುಚ್ಚುತ್ತಿದ್ದರು. ಅತ್ತೆ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಯಾವ ದೇವರಿಗೋ ಕೈಮುಗಿಯುತ್ತಿದ್ದಳು. ಅವರ ಗಾಡಿ ಮೈಸೂರ ಕಡೆ ತಿರುಗಿತು, ನಾನು ಮದ್ದೂರ ಕಡೆ.

ಹಳೇ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೂ ಎರಡೆರಡು ಟ್ರೇಲರು, ಆಚೆ ಈಚೆ ಕಬ್ಬು ಚಾಚಿಕೊಂಡು ರಸ್ತೆಯನ್ನೇ ನುಂಗಿತ್ತು. ಹಾರನ್ ಒತ್ತಿ ಒತ್ತಿ ಕೈ ನೋವು ಬಂತು. ಕೊನೆಗೆ ಕಿಟಕಿ ಇಳಿಸಿ, "ಲೇ, ಪಕ್ಕಕ್ಕೆ ತಗಿಯಲಾ! ಜೀವ ಹೋಗೋ ಕೆಲ್ಸ ಅದೆ!" ಎಂದು ಕೂಗಿದೆ. ಡ್ರೈವರು ಹಾಡು ನಿಲ್ಲಿಸಿ ಇಣುಕಿ, "ಓಗವ್ವ, ಓಗು, ನಿಂಗಿಂತ ನಂಗೇನ್ ಅರ್ಜೆಂಟಿಲ್ಲ" ಎಂದು ಗಾಡಿಯನ್ನು ಮಣ್ಣಿಗೆ ಇಳಿಸಿದ. ಪುಣ್ಯಾತ್ಮ.

ಗೆಳತಿ ಬಾಗಿಲಲ್ಲೇ ಕಾಯುತ್ತಿದ್ದಳು. ಯಂತ್ರವನ್ನು ಸಿದ್ಧವಾಗಿಟ್ಟಿದ್ದಳು. ಸ್ಯಾಂಪಲ್ ಒಳಗೆ ಹೋದ ಮೇಲೆ ಮಾಡಲು ಏನೂ ಇರಲಿಲ್ಲ. ಅವಳು ತರಿಸಿದ ಕಾಫಿ ಕುಡಿಯದೆ ಆರಿತು. ಪರದೆಯ ಮೇಲೆ ಸಂಖ್ಯೆ ಬಂದಾಗ ಇಬ್ಬರೂ ಬಗ್ಗಿ ನೋಡಿದೆವು. ಮಿತಿಯ ಒಳಗೆ. ಹೆಚ್ಚುಕಡಿಮೆ ಏನೂ ಇಲ್ಲ.

ನಾನು ಚಪ್ಪಾಳೆ ತಟ್ಟಲಿದ್ದೆ. ಅವಳು ತಡೆದಳು. "ತಾಳೇ. ನಿನ್ನದು ಒಂಬೈನೂರು ಅನ್ನುತ್ತೆ, ನನ್ನದು ಸೊನ್ನೆ ಅನ್ನುತ್ತೆ. ಸುಳ್ಳು ಹೇಳ್ತಿರೋದು ನಿನ್ನದೇ ಅಂತ ಹೆಂಗೆ ಹೇಳ್ತೀಯ? ಅಂಥ ಪ್ರತಿಕಾಯ ನನ್ನ ಯಂತ್ರದಲ್ಲಿ ಇರೋ ಟ್ರೋಪೋನಿನ್ನನ್ನೇ ಮರೆಮಾಡಿದ್ರೆ?"

ಅವಳು ಹೇಳಿದ್ದು ಆಗಲಾರದ ಮಾತೇನಲ್ಲ. ಆಗಲೇ ನಮ್ಮ ಟೆಕ್ನಿಷಿಯನ್ನಿನ ಫೋನು ಬಂತು. ಟ್ರೋಪೋನಿನ್ ನಿಜವಾಗಿದ್ದರೆ ಅರ್ಧಕ್ಕೆ ತೆಳು ಮಾಡಿದಾಗ ಸಂಖ್ಯೆಯೂ ಅರ್ಧವಾಗಬೇಕು, ನಾನೂರ ತೊಂಬತ್ತರ ಆಸುಪಾಸು. ಸಕ್ಕರೆ ನೀರಿಗೆ ನೀರು ಬೆರೆಸಿದರೆ ಸಿಹಿ ಅರ್ಧವಾಗುವ ಹಾಗೆ, ಅದರಲ್ಲಿ ಗುಟ್ಟೇನಿಲ್ಲ.

"ಮೇಡಂ, ಹಾಗೇ ಹಾಕಿದ್ದು ಮತ್ತೆ ಒಂಬೈನೂರ ಎಂಬತ್ತೇ. ಅರ್ಧಕ್ಕೆ ಎಂಬತ್ತು ಬಂತು. ಕಾಲು ಭಾಗಕ್ಕೆ ಮಾಡಿದ್ದು ಏನೂ ತೋರಿಸ್ತಿಲ್ಲ. ನಾನೇನಾದ್ರೂ ತಪ್ಪು ಮಾಡಿದ್ನಾ ಅಂತ ಎರಡು ಸಲ ಮಾಡಿದೆ. ಹಂಗೇ ಬಂತು." ಬೈಗುಳ ಕಾಯುತ್ತಿದ್ದವಳ ದನಿ.

"ನೀನು ಬಂಗಾರ ಕಣೇ" ಎಂದೆ. ತೆಳು ಮಾಡುವ ಆ ದ್ರವದಲ್ಲಿ ಪ್ರಾಣಿಗಳ ಸೀರಂ ಇರುತ್ತದೆ. ಪ್ರತಿಕಾಯ ಅದಕ್ಕೆ ಅಂಟಿಕೊಂಡು ಖಾಲಿಯಾಗಿ, ಸಂಖ್ಯೆ ಕುಸಿದುಬಿದ್ದಿತ್ತು. ಕುಸಿದದ್ದು ನನ್ನ ಯಂತ್ರದ ಸಂಖ್ಯೆ, ಅಂದರೆ ಸುಳ್ಳು ನನ್ನದೇ.

ಫಿಸಿಷಿಯನ್ನರಿಗೆ ಫೋನು ಮಾಡಿದೆ. ಆಂಬುಲೆನ್ಸ್ ಆಗಲೇ ಮೈಸೂರು ಸೇರಿತ್ತು, ಹುಡುಗಿಯನ್ನು ಒಳಗೆ ತೆಗೆದುಕೊಂಡಿದ್ದರು, ಆಪರೇಷನ್ನಿಗೆ ಒಪ್ಪಿಗೆಯ ಕಾಗದಕ್ಕೆ ಅತ್ತೆಯ ಹೆಬ್ಬೆಟ್ಟು ಕೇಳುತ್ತಿದ್ದರಂತೆ.

"ಬಾಯಲ್ಲಿ ಹೇಳಿದ್ರೆ ಅಲ್ಲಿಯವರು ಕೇಳಲ್ಲ. ವರದಿ ವಾಪಸ್ ತಗೊಳ್ತೀನಿ ಅಂತ ನೀವೇ ಬರೆದು ಸಹಿ ಹಾಕ್ತೀರಾ?" ಎಂದರು.

ಆ ಪ್ರಶ್ನೆಯ ಮುಂದೆ ನನ್ನ ಜೋರೆಲ್ಲ ಇಳಿಯಿತು. ಲ್ಯಾಬಿನವರು ಸಂಖ್ಯೆ ಕೊಡುತ್ತೇವೆ, ತೀರ್ಮಾನ ಬೇರೆಯವರದು. ಆ ನೆರಳಿನಲ್ಲಿ ನಾನು ಇಷ್ಟು ವರ್ಷ ಹಾಯಾಗಿ ಬೈದಾಡಿಕೊಂಡಿದ್ದೆ. ಸಹಿ ಹಾಕಿದ ಮೇಲೆ ಆ ಹುಡುಗಿಯ ರಕ್ತನಾಳ ನಿಜಕ್ಕೂ ಸೀಳಿದ್ದರೆ? ಪಕ್ಕೆ ನೋವು ಪಕ್ಕೆಯದೇ ಎಂದು ಯಾವ ದೇವರು ಬಂದು ಹೇಳಿದ್ದ? ಹೆದರಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಗೆಳತಿ ಒಂದು ಬಿಳಿ ಹಾಳೆ, ಪೆನ್ನು ಮುಂದಿಟ್ಟಳು.

ಹೀಗೆ ಬರೆದೆ: ಈ ರೋಗಿಯ ಮೂರೂ ಟ್ರೋಪೋನಿನ್ ವರದಿಗಳನ್ನು ಹಿಂಪಡೆಯುತ್ತಿದ್ದೇನೆ. ಪರೀಕ್ಷೆಗೆ ಅಡ್ಡಿಯಾಗುವ ಪ್ರತಿಕಾಯ ಇರುವುದು ತೆಳು ಮಾಡಿದಾಗಲೂ ಬೇರೆ ಯಂತ್ರದಲ್ಲೂ ಕಂಡಿದೆ. ಈ ಸಂಖ್ಯೆಯ ಆಧಾರದ ಮೇಲೆ ಯಾವ ನಿರ್ಧಾರವನ್ನೂ ಮಾಡಬೇಡಿ. ನಿಮ್ಮ ಯಂತ್ರದಲ್ಲಿ ಮತ್ತೆ ನೋಡಿ, ಇಸಿಜಿಯನ್ನು ಮತ್ತೆ ಮತ್ತೆ ತೆಗೆಯಿರಿ. ಕೆಳಗೆ ಹೆಸರು, ಸಹಿ. ಫೋಟೋ ತೆಗೆದು ಫಿಸಿಷಿಯನ್ನರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ನೋಡಿದರೆಂದು ಎರಡು ನೀಲಿ ಗೆರೆ ಬಂದವು. ಆಮೇಲೆ ಫೋನು ಸುಮ್ಮನಾಯಿತು.

ಮಂಡ್ಯಕ್ಕೆ ವಾಪಸ್ ಬಂದು ಲ್ಯಾಬಿನಲ್ಲಿ ಕೂತೆ. ಯಾರನ್ನೂ ಬೈಯಲಿಲ್ಲ. ಅದನ್ನು ಕಂಡು ಹುಡುಗಿಯರು ಇನ್ನೂ ಹೆದರಿದರು. ಸಂಜೆಗೆ ಫಿಸಿಷಿಯನ್ ತಾವೇ ಲ್ಯಾಬಿನ ಬಾಗಿಲಿಗೆ ಬಂದರು. ಅವರು ಅಲ್ಲಿಗೆ ಬಂದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಮೈಸೂರಿನವರ ಯಂತ್ರದಲ್ಲೂ ಏನಿಲ್ಲ. ಇಸಿಜಿ ಮೂರು ಸಲ ತೆಗೆದ್ರಂತೆ, ಬದಲಾಗಿಲ್ಲ. ಎಕೋನೂ ಸರಿ ಇದೆ. ಥಿಯೇಟರಿಂದ ವಾರ್ಡಿಗೆ ತಂದಿದ್ದಾರೆ. ಕೊಯ್ಯಲ್ಲ. ಒಂದೆರಡು ದಿನ ಇಟ್ಕೊಂಡು ನೋಡ್ತಾರೆ." ಹೊರಟವರು ತಿರುಗಿ, "ಕುರಿ ಎತ್ತಿದ ನೋವೇ ಇರಬೇಕು" ಎಂದರು. ಅವರು ಹೋದ ಮೇಲೆ ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಅವಳ ರಕ್ತದಲ್ಲಿನ ಆ ಪ್ರತಿಕಾಯ ಕುರಿಗಳಿಂದಲೇ ಬಂತೆಂದು ನಾನು ಆಣೆ ಮಾಡಿ ಹೇಳಲಾರೆ. ಕುರಿಯನ್ನೇ ಮುಟ್ಟದವರಲ್ಲೂ ಅದು ಕಾಣುವುದುಂಟು. ಹುಡುಗಿ ಮೈಸೂರಿಂದ ಬಿಡುಗಡೆಯಾಗಿ ಊರಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿಗೆ ಬಂದಾಗ ಒಂದು ಕಾರ್ಡು ಮಾಡಿಕೊಟ್ಟೆ. ಇವರ ಟ್ರೋಪೋನಿನ್ ಪರೀಕ್ಷೆ ಸುಳ್ಳು ತೋರಿಸುತ್ತದೆ, ನಂಬಬೇಡಿ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಹಮ್ಮು ನನಗೆ.

ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಮಗುವಿಗೆ ಲಸಿಕೆ ಹಾಕಿಸಲು ಬಂದವಳು, ಅತ್ತೆಯ ಜೊತೆ ಲ್ಯಾಬಿನ ಒಳಕ್ಕೂ ಬಂದಳು. ಮಗು ದುಂಡಗಿತ್ತು, ಮುಷ್ಟಿ ಬಿಗಿದು ನನ್ನನ್ನೇ ದುರುಗುಟ್ಟಿ ನೋಡಿತು. "ನಿಮ್ ತರಾನೇ ಸಿಟ್ಟು ಕಣವ್ವ ಇದ್ಕೆ" ಎಂದಳು ಅತ್ತೆ. ಹುಡುಗಿ ಮೊಬೈಲಿನ ಕವರಿನ ಹಿಂದಿನಿಂದ ನನ್ನ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

"ಒಂದ್ಮಾತು ಕೇಳ್ಲಾ ಮೇಡಂ? ರಾತ್ರಿಯೆಲ್ಲಾ ಇದ್ನೇ ಯೋಚ್ನೆ ಮಾಡ್ತೀನಿ. ನಂಬಬ್ಯಾಡಿ ಅಂತ ಬರ್ದಿದೀರಿ. ನಾಳೆ ನಂಗೆ ನಿಜವಾಗ್ಲೂ ಎದೆ ನೋವು ಬಂದು, ಇದ್ನ ತೋರ್ಸುದ್ರೆ, ಸುಮ್ಕೆ ಮನೆಗೆ ಕಳ್ಸಾಕಿಲ್ವಾ? ಆಗ ನನ್ನ ಯಾರು ನಂಬ್ತಾರೆ? ಇವಳಿನ್ನೂ ಇಷ್ಟಗಲ ಅವ್ಳೆ."

ಸಂಖ್ಯೆಯ ಸುಳ್ಳು ಹಿಡಿದ ಗೆಲುವಿನಲ್ಲಿ, ಆ ಸಂಖ್ಯೆಯ ಹಿಂದೆ ಇರುವವಳನ್ನೇ ನಾನು ಸುಳ್ಳುಗಾತಿ ಮಾಡಿ ಕಳಿಸಿದ್ದೆ. ಕಾರ್ಡನ್ನು ಹರಿದು ಬುಟ್ಟಿಗೆ ಹಾಕಿದೆ. ಟೆಕ್ನಿಷಿಯನ್ನಿಂದ ಹೊಸದೊಂದು ಕಾರ್ಡು ತರಿಸಿ, ಅವಳ ಎದುರಿಗೇ ಬರೆದೆ. ಓದಲು ಬಾರದ ಅತ್ತೆ, ಗಟ್ಟಿಯಾಗಿ ಓದಿ ಹೇಳು ಎಂದಳು. ಓದಿದೆ.

"ಇವರು ಎದೆನೋವು ಅಂದರೆ ಇವರನ್ನು ನಂಬಿ. ಯಂತ್ರವನ್ನು ಬದಲಾಯಿಸಿ."

ಅತ್ತೆ ತಲೆಯಾಡಿಸಿ, "ಇನ್ನೂ ದಪ್ಪ ಅಕ್ಸರ್ದಲ್ಲಿ ಬರಿಯವ್ವ" ಎಂದಳು.